ದೇವದುರ್ಗದ ಎಂಟು ನಿಮಿಷ

ಕೆಲವು ತಿಂಗಳ ಹಿಂದೆ ಮಾನ್ವಿಯಿಂದ ಗೆಳೆಯನ ಫೋನು ಬಂತು. "ಲೇ, ನೀ ಬೆಂಗ್ಳೂರಾಗ ಇದ್ದಿ. ಎಸ್‌ಪಿ ರೋಡಿಗೆ ಹೋಗಿ ನಾಕು ಶಾರ್ಪಿಗೆ ರೇಟು ಕೇಳ್ಕೊಂಡ್ ಬಾ. ತಂಡದ ಕೈಯಾಗ ಎರಡು ಲಕ್ಷ ಅದ. ಕೆಡಬಾರ್ದು, ಸೋವಿನೂ ಇರಬೇಕು."

ಶಾರ್ಪಿ ಅಂದ್ರೆ ಗೊತ್ತಲ್ಲ? ಮದುವೆ ಆರ್ಕೆಸ್ಟ್ರಾದಲ್ಲಿ, ಗಣೇಶನ ಮೆರವಣಿಗೆಯಲ್ಲಿ ಕತ್ತು ತಿರುಗಿಸುತ್ತಾ ಆಕಾಶಕ್ಕೆ ಬೆಳಕಿನ ಕೋಲು ಎತ್ತುತ್ತದಲ್ಲ, ಆ ಲೈಟು. ಅಂಗಡಿಯವರ ಭಾಷೆಯಲ್ಲಿ ಮೂವಿಂಗ್ ಹೆಡ್. ನಮ್ಮ ಕಡೆ ಯಾವ ಕಂಪನಿಯ ಮಾಲಾದರೂ ಹೆಸರು ಶಾರ್ಪಿಯೇ. ಎಲ್ಲ ನಕಲು ಪ್ರತಿಗೂ ಝೆರಾಕ್ಸ್ ಅನ್ನುತ್ತೇವಲ್ಲ, ಹಾಗೆ.

ಬೇರೆ ಯಾರಾದರೂ ಕೇಳಿದ್ದರೆ ಹತ್ತು ನಿಮಿಷದಲ್ಲಿ ಎರಡು ಲಿಂಕ್ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಈ ತಂಡಕ್ಕೆ ಹಾಗೆ ಮಾಡಲು ಆಗಲಿಲ್ಲ. ಆ ಎರಡು ಲಕ್ಷ ಹೇಗೆ ಕೂಡಿದ್ದು ಅಂತ ನನಗೆ ಗೊತ್ತು. ತಂಡದಲ್ಲಿ ಇಬ್ಬರು ಅತಿಥಿ ಶಿಕ್ಷಕರು, ಒಬ್ಬ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಒಬ್ಬಳು ನರ್ಸು, ಉಳಿದವರು ಓದುತ್ತಿರುವ ಹುಡುಗರು. ಮೂರು ವರ್ಷ ಪ್ರದರ್ಶನದ ಸಂಭಾವನೆಯನ್ನು ಯಾರೂ ಮುಟ್ಟದೆ ಕೂಡಿಟ್ಟಿದ್ದರು. ಅದೂ ಅಲ್ಲದೆ, ನಾಲ್ಕು ವರ್ಷದ ಹಿಂದೆ ಇದೇ ತಂಡದ ನಾಟಕವನ್ನು ದೇವದುರ್ಗದಲ್ಲಿ ಕತ್ತಲಲ್ಲಿ ಮುಳುಗಿಸಿದವನು ನಾನು.

ಮೊದಲು ಅದನ್ನು ಹೇಳಿಬಿಡುತ್ತೇನೆ. ನಾನು ವಾರವೆಲ್ಲ ಕೋಡು ಬರೆದು, ಶನಿವಾರ-ಭಾನುವಾರ ನಾಟಕಗಳಿಗೆ ಲೈಟು ಹಾಕುವವನು. ಊರು ರಾಯಚೂರು ಜಿಲ್ಲೆ. ಅವತ್ತು ದೇವದುರ್ಗದಲ್ಲಿ ಬಯಲಿನ ವೇದಿಕೆ, ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'. ಮಾಮೂಲಿ ಹ್ಯಾಲೋಜನ್ ಸಾಕು ಅಂತ ತಂಡದವರು ಅಂದಿದ್ದರು. "ಬೆಂಗಳೂರಿನಲ್ಲಿ ಈಗ ಯಾರೂ ಹಾಗೆ ಮಾಡಲ್ಲ" ಅಂತ ವಾದ ಮಾಡಿ ನಾಲ್ಕು ಶಾರ್ಪಿ ಬಾಡಿಗೆಗೆ ತರಿಸಿದೆ. ಮೊದಲ ಅರ್ಧ ಗಂಟೆ ಜನ ಸೀಟಿ ಹೊಡೆದರು. ನನಗೂ ಹೆಮ್ಮೆ ಅನ್ನಿಸಿತು.

ಅಶ್ವತ್ಥಾಮ ಉಪಪಾಂಡವರನ್ನು ಕೊಂದು ಹೋದ ಮೇಲೆ ದ್ರೌಪದಿ ಮಕ್ಕಳ ಹೆಣದ ಮುಂದೆ ಕೂತಳು. ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಒಂದು ನಿಮಿಷದೊಳಗೆ ಶುರುವಾಯಿತು, ಮೈಕು ಬಂತು, ಫ್ಯಾನು ತಿರುಗಿತು. ನನ್ನ ನಾಲ್ಕೂ ಲೈಟು ಮಾತ್ರ ಕತ್ತು ಅಲ್ಲಾಡಿಸಿದವು, ಗುರ್ ಅಂದವು, ಬೆಳಗಲಿಲ್ಲ. ನಾನು ಸ್ವಿಚ್ಚು ಆರಿಸಿ ಹಾಕಿದೆ. ಮತ್ತೆ ಆರಿಸಿ ಹಾಕಿದೆ. ಆಮೇಲೆ ಗೊತ್ತಾಯಿತು, ಹಾಗೆ ಮಾಡಿದ್ದರಿಂದಲೇ ಇನ್ನೂ ತಡವಾಗಿದ್ದು. ಜನ ತಮ್ಮ ಮೊಬೈಲಿನ ಟಾರ್ಚು ಎತ್ತಿ ಹಿಡಿದರು. ದ್ರೌಪದಿ ಪಾತ್ರದ ನಮ್ಮ ನರ್ಸಕ್ಕ ಮಾತು ನಿಲ್ಲಿಸಲಿಲ್ಲ. ಎಂಟು ನಿಮಿಷ ಆಕೆ ಮೊಬೈಲಿನ ಬೆಳಕಲ್ಲಿ ಅತ್ತಳು.

ಒಂಬತ್ತನೇ ನಿಮಿಷದಲ್ಲಿ ಯಾರೋ ವೇದಿಕೆಯ ಎರಡು ಕಡೆ ಎರಡು ಹ್ಯಾಲೋಜನ್ ಇಟ್ಟು ಹಚ್ಚಿದರು. ಶಾಮಿಯಾನದವರ ಜೊತೆ ಬಂದಿದ್ದ ಮುದುಕರು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಲೈಟಿಂಗ್ ಅಂಗಡಿ ಇಟ್ಟಿದ್ದವರು, ಹುಡುಗರಾಗಿದ್ದಾಗ ನಾಟಕ ಕಂಪನಿಗಳಲ್ಲಿ ಲೈಟ್ ಬಾಯ್ ಆಗಿದ್ದವರು. ನಾವೆಲ್ಲ ಚಾಚಾ ಅನ್ನುತ್ತೇವೆ. ಅವರು ನನ್ನನ್ನು ಬೈಯಲಿಲ್ಲ. "ಬೇಟಾ, ಇದು ಬಿಸಿ ಇದ್ದಾಗ ಹತ್ತಂಗಿಲ್ಲ. ಆರಬೇಕು. ನಿನಗ ಯಾರೂ ಹೇಳಿಲ್ಲೇನು?" ಅಂದರು, ಅಷ್ಟೇ.

ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅದಕ್ಕೇ ಈ ಸಲ ಫೋನ್ ಬಂದಾಗ ಎಸ್‌ಪಿ ರೋಡಿಗೆ ಹೋಗುವ ಮೊದಲು ರಾಯಚೂರಿಗೆ ಹೋದೆ, ಚಾಚಾನ ಅಂಗಡಿಗೆ. ರಾಯಚೂರಿನವರಿಗೆ ತೀನ್ ಕಂದೀಲ್ ಒಂದು ಸರ್ಕಲ್ಲು, ಬಸ್ಸು-ಆಟೊದವರಿಗೆ ಒಂದು ಸ್ಟಾಪು. ಆ ಹೆಸರಿನ ಅರ್ಥ ಮೂರು ಲಾಂದ್ರ ಅಂತ ನಾನು ನಿಂತು ಯೋಚಿಸಿದ್ದು ಅವತ್ತೇ. ಊರೊಂದು ತನ್ನ ನಡುವಿನ ಜಾಗವನ್ನು ಮೂರು ದೀಪದ ಲೆಕ್ಕದಲ್ಲಿ ಗುರುತು ಹಿಡಿದಿದೆ ಅಂದ್ರೆ, ಬೆಳಕು ಎಷ್ಟು ದುಬಾರಿ ವಸ್ತುವಾಗಿತ್ತು ಅಂತ ಊಹಿಸಿ.

ಚಾಚಾ ಶಾರ್ಪಿ ರೇಟು ಹೇಳುವ ಬದಲು ಹಿಲಾಲಿನಿಂದ ಶುರು ಮಾಡಿದರು. ಅವರ ಮಾತಿಗೆ ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ನಮ್ಮ ಸೀಮೆಯ ದೊಡ್ಡಾಟಕ್ಕೆ ಮೊದಲು ಇದ್ದದ್ದು ಹಿಲಾಲು: ಕೋಲಿಗೆ ಬಟ್ಟೆ ಸುತ್ತಿ ಎಣ್ಣೆಯಲ್ಲಿ ಅದ್ದಿದ ಪಂಜು. ಅದನ್ನು ಹಿಡಿಯುವವನು ಒಂದೇ ಕಡೆ ನಿಲ್ಲಬೇಕಾಗಿರಲಿಲ್ಲ. ರಾಜ ಕುಣಿದು ಮುಂದೆ ಬಂದರೆ ಅವನೂ ಮುಂದೆ, ರಕ್ಕಸ ಆರ್ಭಟಿಸಿದರೆ ಪಂಜು ಮೇಲೆ. ಪಾತ್ರದ ಜೊತೆ ಚಲಿಸುವ ಬೆಳಕು, ಅಂದ್ರೆ ಮೂವಿಂಗ್ ಹೆಡ್ಡಿನ ಕೆಲಸವೇ. ಕೆಟ್ಟರೆ ರಿಪೇರಿಗೆ ಬೇಕಾದದ್ದು ಒಂದು ಚಿಂದಿ ಬಟ್ಟೆ, ಒಂದು ಸೌಟು ಎಣ್ಣೆ. ಎರಡೂ ಯಾವ ಊರಲ್ಲೂ ಸಿಗುತ್ತಿತ್ತು.

ಆಮೇಲೆ ಬಂದದ್ದು ಗ್ಯಾಸ್ ಲೈಟು. ಆಸ್ಟ್ರಿಯಾದ ರಸಾಯನ ವಿಜ್ಞಾನಿ ಕಾರ್ಲ್ ಆವರ್ 1885ರಲ್ಲಿ ಮ್ಯಾಂಟಲ್‌ಗೆ ಪೇಟೆಂಟ್ ಪಡೆದ. ಬಟ್ಟೆಯ ಸಣ್ಣ ಚೀಲಕ್ಕೆ ಅಪರೂಪದ ಲೋಹಗಳ ಲವಣ ಹತ್ತಿಸಿ ಸುಟ್ಟರೆ ಉಳಿಯುವ ಬೂದಿಯ ಜಾಳಿಗೆ ಬೆಂಕಿಯಲ್ಲಿ ಬೆಳ್ಳಗೆ ಬೆಳಗುತ್ತದೆ. 1910ರ ಸುಮಾರಿಗೆ ಬರ್ಲಿನ್ನಿನ ಕಾರ್ಖಾನೆಯೊಂದು ಸೀಮೆಎಣ್ಣೆಯನ್ನು ಪಂಪು ಹೊಡೆದು ಒತ್ತಡದಲ್ಲಿ ಆವಿಯಾಗಿಸಿ ಆ ಮ್ಯಾಂಟಲ್ ಉರಿಸುವ ದೀಪ ಮಾಡಿತು. ಅದರ ಹೆಸರು ಪೆಟ್ರೋಮ್ಯಾಕ್ಸ್. ಅದೂ ಶಾರ್ಪಿಯ ಹಾಗೆಯೇ ಬ್ರ್ಯಾಂಡಿನ ಹೆಸರು ಹೋಗಿ ದೀಪದ ಹೆಸರಾಯಿತು. ಮದುವೆ ಮೆರವಣಿಗೆ, ಭಜನೆ, ಜಾತ್ರೆಯ ಅಂಗಡಿ, ನಾಟಕದ ತಂಬು ಎಲ್ಲ ಕಡೆ ಅದೇ.

"ಮ್ಯಾಂಟಲ್ ಅಂದ್ರ ಹೂವಿನಂಥದ್ದು ಬೇಟಾ," ಅಂದರು ಚಾಚಾ. "ಒಂದು ಸಲ ಹತ್ತಿತಂದ್ರ ಮುಟ್ಟಿದ್ರ ಪುಡಿ. ಬಂಡಿ ಕುಲುಕಿದ್ರ ಪುಡಿ. ಅದಕ್ಕ ನಮ್ ಉಸ್ತಾದರು ಲೈಟು ಎಷ್ಟು ಅವ ಅಂತ ಕೇಳ್ತಿರ್ಲಿಲ್ಲ. ಮ್ಯಾಂಟಲ್ ಎಷ್ಟು ಅವ ಅಂತ ಕೇಳ್ತಿದ್ರು." ತೂತಿಗೆ ಕಸ ಕೂತರೆ ಚುಚ್ಚಲು ಪಿನ್ನು, ಪಂಪಿಗೆ ಚರ್ಮದ ವಾಷರು, ಜೇಬಿನಲ್ಲಿ ಮ್ಯಾಂಟಲ್ಲಿನ ಪೊಟ್ಟಣ. ಇಷ್ಟಿದ್ದರೆ ನಾಟಕ ನಿಲ್ಲುತ್ತಿರಲಿಲ್ಲ. ಇಲ್ಲದಿದ್ದರೂ ಊರಿನ ಯಾವ ಕಿರಾಣಿಯಲ್ಲಾದರೂ ಸಿಗುತ್ತಿತ್ತು.

ಈಗ ಸ್ವಲ್ಪ ದೂರ ಹೋಗೋಣ. ಲಂಡನ್ನಿನ ಸವಾಯ್ ಥಿಯೇಟರು 1881ರಲ್ಲಿ ಪೂರ್ತಿ ವಿದ್ಯುತ್ ದೀಪದಲ್ಲಿ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡ ಅನ್ನಿಸಿಕೊಂಡಿತು. ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಆದರೆ ರಾಯಚೂರು ಆಗ ನಿಜಾಮರ ಹೈದರಾಬಾದಿನಲ್ಲಿತ್ತು. 1948ರವರೆಗೆ ನಿಜಾಮರ ಆಳ್ವಿಕೆ, 1956ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು. ಬೆಂಗಳೂರಿನ ಬೀದಿದೀಪದ ಕಥೆಯನ್ನು ಕರ್ನಾಟಕದ ಕಥೆ ಅಂತ ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಹಳ್ಳಿಗಳಲ್ಲಿ ಗ್ಯಾಸ್ ಲೈಟು ಅಷ್ಟು ದಿನ ಬದುಕಿದ್ದು ಪ್ರೀತಿಯಿಂದಲ್ಲ.

ಆದರೆ ರೈಲು ಇತ್ತು. 1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಕೂಡಿದ್ದು ರಾಯಚೂರಿನಲ್ಲೇ. ನಾಟಕ ಕಂಪನಿಗಳಿಗೆ ರೈಲು ದೊಡ್ಡ ವರ. ಪರದೆ, ಸೀನರಿ, ಪೆಟ್ಟಿಗೆ, ಅಡುಗೆ ಪಾತ್ರೆ, ಕಲಾವಿದರ ಸಂಸಾರ ಎಲ್ಲ ವ್ಯಾಗನ್ನಿನಲ್ಲಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ವೀರಣ್ಣನವರ ಕಾಲಕ್ಕೆ ಎಷ್ಟು ಬೆಳೆಯಿತೆಂದರೆ 1934ರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ-ಕುದುರೆ ಬಂದವು. ಏಣಗಿ ಬಾಳಪ್ಪನವರು 1947ರಲ್ಲಿ ಕಟ್ಟಿದ ಕಲಾವೈಭವ ನಾಟ್ಯ ಸಂಘದಂಥ ಉತ್ತರ ಕರ್ನಾಟಕದ ಕಂಪನಿಗಳು ಊರೂರು ಕ್ಯಾಂಪು ಹಾಕಿದವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇವತ್ತಿಗೂ ಕಂಪನಿಗಳ ತಂಬುಗಳು ಸಾಲಾಗಿ ನಿಲ್ಲುತ್ತವೆ, ಬೆಳಗಿನ ಜಾವದವರೆಗೆ ಆಟ ನಡೆಯುತ್ತದೆ.

ದೇವದುರ್ಗಕ್ಕೆ ಮಾತ್ರ ರೈಲಿಲ್ಲ. ವ್ಯಾಗನ್ನಿನಿಂದ ಇಳಿದದ್ದು ಬಂಡಿಗೋ ಲಾರಿಗೋ ಏರಬೇಕು, ಎರೆಮಣ್ಣಿನ ದಾರಿಯಲ್ಲಿ ಐವತ್ತು-ಅರವತ್ತು ಕಿಲೋಮೀಟರು ಕುಲುಕಬೇಕು. "ಬಂಡಿ ತಡಕೊಳ್ಳದ್ದು ಕಂಪನಿಗೆ ಬ್ಯಾಡ" ಅನ್ನುವುದು ಆ ಕಾಲದ ಲೆಕ್ಕ ಅಂತ ಚಾಚಾ ಹೇಳಿದರು. ಇದು ನನಗೆ ಸಿಕ್ಕ ಮೊದಲ ಪಾಠ. ಬೆಂಗಳೂರಿನ ಸಭಾಂಗಣದಲ್ಲಿ ಒಂದೇ ಕಡೆ ನೇತುಬಿದ್ದಿರುವ ಲೈಟು ಬೇರೆ, ದಿನಾ ಇಳಿಸಿ ಏರಿಸುವ ಲೈಟು ಬೇರೆ.

ಕರೆಂಟು ಬಂದ ಮೇಲೂ ಕಂಪನಿಯವರು ಸುಮ್ಮನೆ ಕೂರಲಿಲ್ಲ. ಬೆಳಕನ್ನು ನಿಧಾನವಾಗಿ ಏರಿಸಿ ಇಳಿಸಲು ಡಿಮ್ಮರ್ ಬೇಕು, ಅದಕ್ಕೆ ದುಡ್ಡಿಲ್ಲ. ಆಗ ಉಪ್ಪುನೀರಿನ ಡಿಮ್ಮರ್ ಬಂತು. ಮಣ್ಣಿನ ಕೊಳವೆಯಲ್ಲಿ ಉಪ್ಪು ಕಲಸಿದ ನೀರು, ಕೆಳಗೊಂದು ಲೋಹದ ತಗಡು, ಮೇಲಿನಿಂದ ಇಳಿಬಿಟ್ಟ ಇನ್ನೊಂದು ತಗಡು. ಎರಡೂ ಹತ್ತಿರ ಬಂದಷ್ಟು ಕರೆಂಟು ಜಾಸ್ತಿ ಹರಿಯುತ್ತದೆ, ದೂರ ಹೋದಷ್ಟು ಬಲ್ಬು ಮಂಕಾಗುತ್ತದೆ. ಪರದೆಯ ಹಿಂದೆ ಹುಡುಗನೊಬ್ಬ ದಾರ ಹಿಡಿದು ಸೂರ್ಯೋದಯ ಮಾಡುತ್ತಿದ್ದ. ಕೈ ಜಾರಿದರೆ ಪ್ರಾಣಕ್ಕೇ ಅಪಾಯ, ಇವತ್ತು ದಯವಿಟ್ಟು ಯಾರೂ ಮಾಡಬೇಡಿ. ಆದರೆ ಆ ಹುಡುಗನಿಗೆ ತನ್ನ ಯಂತ್ರದ ಒಳಗೇನು ನಡೆಯುತ್ತದೆ ಅಂತ ಗೊತ್ತಿತ್ತು. ದೇವದುರ್ಗದಲ್ಲಿ ಸ್ವಿಚ್ಚು ಒತ್ತುತ್ತಾ ನಿಂತ ನನಗೆ ಗೊತ್ತಿರಲಿಲ್ಲ.

ಕಡಿಮೆ ಸಾಮಾನಿನಲ್ಲಿ ಏನೇನು ಮಾಡಬಹುದು ಅನ್ನುವುದಕ್ಕೆ ಕೋಲ್ಕತಾದ ತಾಪಸ್ ಸೇನ್ ಅವರನ್ನು ನೆನೆಯಬೇಕು. 1959ರಲ್ಲಿ 'ಅಂಗಾರ್' ನಾಟಕದ ಕೊನೆಗೆ ಕಲ್ಲಿದ್ದಲ ಗಣಿಯೊಳಗೆ ನೀರು ಏರುವುದನ್ನು ಅವರು ಬರೀ ಬೆಳಕಿನಲ್ಲಿ ತೋರಿಸಿದರು. ಇವತ್ತಿನಂಥ ಮೂವಿಂಗ್ ಹೆಡ್ ಆಗ ಇನ್ನೂ ಹುಟ್ಟಿರಲಿಲ್ಲ. ನಮ್ಮಲ್ಲಿ 1985ರಲ್ಲಿ ಹೆಗ್ಗೋಡಿನ ನೀನಾಸಂ 'ತಿರುಗಾಟ' ಶುರು ಮಾಡಿತು, 1997ರಲ್ಲಿ ಸಾಣೇಹಳ್ಳಿಯ 'ಶಿವಸಂಚಾರ' ಬಂತು. ನಾಟಕದ ಜೊತೆ ರಂಗಸಜ್ಜಿಕೆ, ಲೈಟು ಎಲ್ಲ ಒಂದು ವಾಹನದಲ್ಲಿ. ಬೆಳಗ್ಗೆ ಇಳಿಸು, ಸಂಜೆ ಆಡು, ರಾತ್ರಿ ಕಟ್ಟು. ಆ ತಂಡಗಳ ಬೆಳಕು ನೋಡಿದವರಿಗೆ ಗೊತ್ತು, ಲೈಟು ಕಡಿಮೆ ಇದ್ದರೂ ಮುಖ ಕಾಣುತ್ತದೆ.

1985 ಅಂದಾಗ ಇನ್ನೊಂದು ನೆನಪಾಗುತ್ತದೆ. ಅದೇ ವರ್ಷ ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾಯಿತು. ಮುಂದೆ ಎಂಟು ಘಟಕಗಳಾಗಿ 1720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ನೀವು ಈ ಪುಸ್ತಕ ಓದುತ್ತಿರುವ ಬೆಂಗಳೂರಿನ ಮನೆಯ ಬಲ್ಬಿನಲ್ಲಿ ನಮ್ಮೂರ ಹಾರುಬೂದಿಯ ಪಾಲು ಇದ್ದೇ ಇದೆ. ಆ ಚಿಮಣಿಗಳ ಜಿಲ್ಲೆಯಲ್ಲೇ ದ್ರೌಪದಿ ಕತ್ತಲಲ್ಲಿ ಅತ್ತಳು. ಇದನ್ನು ಹೇಳಿದರೆ ಚಾಚಾ ನಕ್ಕರು. "ದೀಪದ ಬುಡಕ್ಕ ಕತ್ತಲಿ ಬೇಟಾ, ಹೊಸದೇನದ?"

ಇನ್ನು ಶಾರ್ಪಿಯ ವಂಶಾವಳಿ. ಸವಾಯ್ ಬೆಳಗಿ ಸರಿಯಾಗಿ ನೂರು ವರ್ಷಕ್ಕೆ, 1981ರ ಸೆಪ್ಟೆಂಬರಿನಲ್ಲಿ, ಬಾರ್ಸಿಲೋನಾದಲ್ಲಿ ಜೆನೆಸಿಸ್ ಅನ್ನುವ ಇಂಗ್ಲಿಷ್ ರಾಕ್ ತಂಡದ ಕಾರ್ಯಕ್ರಮ. ಅಮೆರಿಕದ ಡಲ್ಲಾಸಿನ ಶೋಕೊ ಅನ್ನುವ ಕಂಪನಿ ತಯಾರಿಸಿದ ಹೊಸ ಲೈಟುಗಳು ಅಲ್ಲಿ ಮೊದಲ ಸಲ ಒಟ್ಟಾಗಿ ಕತ್ತು ತಿರುಗಿಸಿ ಬಣ್ಣ ಬದಲಿಸಿದವು. ಹೆಸರು ವೇರಿಲೈಟ್. ಸ್ವತಃ ಆ ಬ್ಯಾಂಡಿನವರೇ ಅದಕ್ಕೆ ಬಂಡವಾಳ ಹಾಕಿದ್ದರು. ಅದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಬೇರೆ ಸಂಗತಿ. ಎಷ್ಟೋ ವರ್ಷ ಅವರು ಆ ಲೈಟನ್ನು ಯಾರಿಗೂ ಮಾರಲೇ ಇಲ್ಲ, ಬಾಡಿಗೆಗೆ ಮಾತ್ರ ಕೊಡುತ್ತಿದ್ದರು. ಲೈಟಿನ ಜೊತೆ ಅದನ್ನು ರಿಪೇರಿ ಮಾಡುವವರೂ ಬರುತ್ತಿದ್ದರು. ಅಂದ್ರೆ ಮೂವಿಂಗ್ ಹೆಡ್ ಹುಟ್ಟಿದ್ದೇ ಮೆಕ್ಯಾನಿಕ್ಕಿನ ಕೈ ಹಿಡಿದುಕೊಂಡು.

1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ಡಿಎಂಎಕ್ಸ್ 512 ಅನ್ನುವ ಮಾನಕ ತಂದಿತು. ಒಂದೇ ಕೇಬಲಿನಲ್ಲಿ 512 ಚಾನೆಲ್, ಯಾರ ಲೈಟನ್ನಾದರೂ ಯಾರ ಬೋರ್ಡಿನಿಂದಾದರೂ ನಡೆಸಬಹುದು. ಸಾಫ್ಟ್‌ವೇರಿನವರಿಗೆ ಅರ್ಥವಾಗುತ್ತದೆ, ಮಾನಕ ಬಂದ ಮೇಲೆ ಬೆಲೆ ಇಳಿಯುತ್ತದೆ. 2010ರಲ್ಲಿ ಇಟಲಿಯ ಕ್ಲೇ ಪಾಕಿ ಕಂಪನಿ ಶಾರ್ಪಿ ತಂದಿತು. 189 ವ್ಯಾಟ್ ದೀಪ, ತೂಕ 16 ಕಿಲೋ, ಬೆಳಕು ಕೋಲಿನ ಹಾಗೆ ನೆಟ್ಟಗೆ. ನೋಡನೋಡುತ್ತಿದ್ದಂತೆ ಚೀನಾದ ಗ್ವಾಂಗ್‌ಝೌ ಕಡೆಯಿಂದ ಅದರ ತದ್ರೂಪುಗಳು ಬಂದವು. ಅಸಲಿಗೆ ಲಕ್ಷಗಳ ಲೆಕ್ಕ, ತದ್ರೂಪಿಗೆ ನನಗೆ ಬಂದ ಕೊಟೇಶನ್ನು ಇಪ್ಪತ್ತರಿಂದ ಮೂವತ್ತು ಸಾವಿರ. ರಾಯಚೂರಿನ ಮುಂಗಾರು ಹಬ್ಬದಲ್ಲಿ ಹಗಲು ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಿ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಕೂತರೆ ತಲೆಯ ಮೇಲೆ ಓಡಾಡುವುದು ಈ ಬೆಳಕೇ.

ಅಗ್ಗವಾದದ್ದು ತಪ್ಪು ಅಂತ ನಾನು ಹೇಳಲ್ಲ. ಅಗ್ಗವಾಗದಿದ್ದರೆ ಮಾನ್ವಿಯ ತಂಡಕ್ಕೆ ಇದು ಕನಸಿನಲ್ಲೂ ಸಿಗುತ್ತಿರಲಿಲ್ಲ. ಆದರೆ ಜೊತೆಗೆ ಬರುತ್ತಿದ್ದ ಮೆಕ್ಯಾನಿಕ್ಕು ದಾರಿಯಲ್ಲೆಲ್ಲೋ ಇಳಿದುಹೋದ. ಲೈಟು ಬಂತು, ಮ್ಯಾಂಟಲ್ಲಿನ ಪೊಟ್ಟಣ ಬರಲಿಲ್ಲ.

ಈಗ ಆ ಎಂಟು ನಿಮಿಷದ ಲೆಕ್ಕ. ಶಾರ್ಪಿಯ ಒಳಗಿರುವುದು ಡಿಸ್ಚಾರ್ಜ್ ದೀಪ. ಒಳಗಿನ ಅನಿಲ ಬಿಸಿಯಾಗಿ ಒತ್ತಡ ಏರಿರುವಾಗ ಆರಿದರೆ, ತಣ್ಣಗಾಗುವವರೆಗೆ ಕಿಡಿ ಮತ್ತೆ ಹತ್ತುವುದಿಲ್ಲ. ಐದರಿಂದ ಹತ್ತು ನಿಮಿಷ ಬೇಕು. ಲಂಡನ್ನಿನಲ್ಲೋ ದುಬೈಯಲ್ಲೋ ಇದು ದೋಷವೇ ಅಲ್ಲ, ಅಲ್ಲಿ ನಡುವೆ ಕರೆಂಟು ಹೋಗುವುದಿಲ್ಲ. ನಮಗೆ ಇದೇ ಮೊದಲ ಪ್ರಶ್ನೆ. ಎಲ್‌ಇಡಿಗೆ ಈ ಕಾಯಿಲೆ ಇಲ್ಲ, ಕರೆಂಟು ಬಂದ ಕೂಡಲೇ ಬೆಳಗುತ್ತದೆ. ಆದರೆ ಎಲ್‌ಇಡಿ ಮೂವಿಂಗ್ ಹೆಡ್ ಆದರೂ ಕರೆಂಟು ಬಂದ ಮೇಲೆ ಒಂದರ್ಧ ನಿಮಿಷ ತನ್ನ ಕತ್ತು ಎಲ್ಲಿದೆ ಅಂತ ಹುಡುಕಿಕೊಳ್ಳುತ್ತದೆ, ಎಡಕ್ಕೆ ಬಲಕ್ಕೆ ಹೊರಳುತ್ತದೆ. ಅದಕ್ಕೇ ನಟರ ಮುಖದ ಬೆಳಕನ್ನು ಎಂದೂ ಮೂವಿಂಗ್ ಹೆಡ್ಡಿಗೆ ಒಪ್ಪಿಸಬಾರದು. ಅದಕ್ಕೆ ಅಲ್ಲಾಡದ ಎಲ್‌ಇಡಿ ಪಾರ್ ಲೈಟೇ ಸರಿ.

ಎರಡನೆಯದು ಕರೆಂಟು. ಹಳೆಯ ಪಾರ್ ಕ್ಯಾನು ಒಂದಕ್ಕೆ 1000 ವ್ಯಾಟ್, ಹನ್ನೆರಡು ಹಚ್ಚಿದರೆ 12 ಕಿಲೋವ್ಯಾಟ್. ಹಳ್ಳಿಯ ಕಂಬದಿಂದ ಎಳೆದ ವೈರು ಅದನ್ನು ತಡೆಯುವುದಿಲ್ಲ. ಎಲ್‌ಇಡಿಯಲ್ಲಿ ಅದೇ ಕೆಲಸ ಒಂದೂವರೆ-ಎರಡು ಕಿಲೋವ್ಯಾಟಿಗೆ ಮುಗಿಯುತ್ತದೆ. ಆದರೆ ಎಲೆಕ್ಟ್ರಾನಿಕ್ಸಿಗೆ ದೊಡ್ಡ ಶತ್ರು ನ್ಯೂಟ್ರಲ್. ಮೂರು ಫೇಸಿನ ಜನರೇಟರಿನಲ್ಲಿ ನ್ಯೂಟ್ರಲ್ ವೈರು ಸಡಿಲವಾದರೆ 230 ವೋಲ್ಟಿನ ಜಾಗದಲ್ಲಿ 400ರ ಹತ್ತಿರ ಬರಬಹುದು. ಹ್ಯಾಲೋಜನ್ ಆದರೆ ಒಂದು ಬಲ್ಬು ಹೋಗುತ್ತದೆ, ಇಲ್ಲಿ ಬೋರ್ಡೇ ಸುಟ್ಟುಹೋಗುತ್ತದೆ. ಲೈಟು ಜೋಡಿಸುವ ಮೊದಲು ಮೀಟರು ಹಿಡಿದು ನೋಡುವ ಅಭ್ಯಾಸ ಯಾವ ಬ್ರ್ಯಾಂಡಿಗಿಂತ ದೊಡ್ಡ ವಾರಂಟಿ.

ಮೂರನೆಯದು ಧೂಳು, ಬಿಸಿಲು. ಮೂವಿಂಗ್ ಹೆಡ್ ಒಳಗೆ ಫ್ಯಾನುಗಳಿವೆ. ಅವು ಗಾಳಿಯ ಜೊತೆ ಎರೆಹೊಲದ ಧೂಳನ್ನೂ ದೀಪದ ಹುಳವನ್ನೂ ಒಳಗೆ ಎಳೆಯುತ್ತವೆ. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟಿದ ಗಾಳಿಯಲ್ಲಿ ಫ್ಯಾನು ಕಟ್ಟಿಕೊಂಡರೆ ಲೈಟು ತಾನೇ ಆರಿಹೋಗುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಫ್ಯಾನು ಕೈಗೆ ಸಿಗಬೇಕು, ಅದು ಮಾಮೂಲಿ ಅಳತೆಯ ಫ್ಯಾನಾಗಿರಬೇಕು. ಅಂಗಡಿಯಲ್ಲಿ "ಇದನ್ನು ಬಿಚ್ಚಿ ತೋರಿಸಿ" ಅಂದಾಗ ಮುಖ ಸಿಂಡರಿಸಿದ ಕಡೆ ನಾನು ಕೊಳ್ಳಲಿಲ್ಲ. ಇನ್ನೊಂದು ಮಾತು. ಈ ಲೈಟುಗಳ ತವರು ರಾಕ್ ಸಂಗೀತ, ಅಲ್ಲಿ ಫ್ಯಾನಿನ ಸದ್ದು ಯಾರಿಗೂ ಕೇಳಿಸುವುದಿಲ್ಲ. ಮಾತಿನ ನಾಟಕದಲ್ಲಿ ನಾಲ್ಕು ಲೈಟಿನ ಗುಂಯ್ ಸದ್ದು ಮುಂದಿನ ಸಾಲಿಗೆ ಕೇಳುತ್ತದೆ. ಗ್ಯಾಸ್ ಲೈಟೂ ಸುಯ್ ಅನ್ನುತ್ತಿತ್ತು, ನಿಜ. ಆದರೆ ಕಂಪನಿಯ ನಟರ ಗಂಟಲು ನಮ್ಮ ಹುಡುಗರಿಗಿಲ್ಲ.

ನಾಲ್ಕನೆಯದು ತಂತಿ. ಡಿಎಂಎಕ್ಸ್ ಸಿಗ್ನಲ್ ಕಡಿದರೆ ಏನು ಮಾಡಬೇಕು ಅಂತ ಲೈಟಿನ ಮೆನುವಿನಲ್ಲಿ ಒಂದು ಆಯ್ಕೆ ಇರುತ್ತದೆ: ಇದ್ದ ಹಾಗೆ ನಿಲ್ಲು, ಆರಿಹೋಗು, ಇಲ್ಲವೇ ತಾನೇ ಕುಣಿ. ಕೆಲವು ಅಗ್ಗದ ಲೈಟುಗಳನ್ನು ಮೂರನೆಯದಕ್ಕೆ ಇಟ್ಟು ಕಳಿಸಿರುತ್ತಾರೆ. ರಾಯಚೂರಿನಲ್ಲಿ ಒಮ್ಮೆ ಕೇಬಲ್ ಕಿತ್ತು, ಹರಿಶ್ಚಂದ್ರನ ಸ್ಮಶಾನದಲ್ಲಿ ಡಿಸ್ಕೊ ಶುರುವಾದದ್ದನ್ನು ನಾನೇ ಕಂಡಿದ್ದೇನೆ. ಇದಕ್ಕೆ ದುಡ್ಡು ಬೇಡ, ಮೊದಲ ದಿನವೇ ಮೆನು ತೆರೆದು 'ಇದ್ದ ಹಾಗೆ ನಿಲ್ಲು' ಅಂತ ಒತ್ತಿದರೆ ಸಾಕು. ಮೈಕಿನ ತಂತಿ ಹಾಕಿ ಉಳಿಸಬೇಡಿ, ಡಿಎಂಎಕ್ಸಿಗೆಂದೇ ಮಾಡಿದ ತಂತಿ ಹಾಕಿ, ಕೊನೆಯ ಲೈಟಿಗೆ 120 ಓಮಿನ ಟರ್ಮಿನೇಟರು ಸಿಕ್ಕಿಸಿ.

ಐದನೆಯದು ತೂಕ. ಹದಿನಾರು-ಇಪ್ಪತ್ತು ಕಿಲೋದ, ಅದೂ ಅಲ್ಲಾಡುವ ವಸ್ತುವನ್ನು ಬೊಂಬಿನ ಚಪ್ಪರಕ್ಕೆ ನೇತುಹಾಕುವುದು ಯಾವ ಕಾರಣಕ್ಕೂ ಬೇಡ. ಟ್ರಸ್ ಇಲ್ಲದ ಊರಲ್ಲಿ ಅದರ ಜಾಗ ನೆಲ.

ಇಷ್ಟನ್ನೆಲ್ಲ ಬರೆದುಕೊಂಡು ಮಾನ್ವಿಗೆ ಹೋದೆ. ತಂಡದವರು ಶಾಲೆಯ ಕೋಣೆಯಲ್ಲಿ ಸುತ್ತ ಕೂತಿದ್ದರು. ನಾಲ್ಕು ಶಾರ್ಪಿ ಬೇಡ ಅಂದಾಗ ಹುಡುಗರ ಮುಖ ಸಪ್ಪಗಾಯಿತು. ಒಬ್ಬ ಕೇಳಿಯೇ ಬಿಟ್ಟ: "ಬೆಂಗ್ಳೂರಾಗ ನಿಮಗ ಎಲ್ಲಾ ಬೇಕು, ನಮಗ ಮಾತ್ರ ಸಾದಾ ಸಾಕೇನ್ರಿ ಅಣ್ಣಾ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಅವರು ಸಾದಾ ಕೇಳಿದಾಗ ಶಾರ್ಪಿ ಹೇರಿದವನು ನಾನು, ಈಗ ಅವರು ಶಾರ್ಪಿ ಕೇಳಿದಾಗ ಸಾದಾ ಹೇರಲು ಬಂದವನೂ ನಾನೇ. ಮಾತಾಡಿದ್ದು ನರ್ಸಕ್ಕ. "ಆಸಿ ಪಡಬ್ಯಾಡ ಅಂತ ಅವ ಹೇಳಕತ್ತಿಲ್ಲ. ಮುಖಕ್ಕ ಬೆಳಕು ಮೊದ್ಲು, ಆಸಿ ಆಮ್ಯಾಲ. ಕತ್ತಲಾಗ ಕುಂತಾಕಿ ನಾನು."

ಕೊನೆಗೆ ಹೀಗೆ ಹಂಚಿದೆವು. ಹನ್ನೆರಡು ಎಲ್‌ಇಡಿ ಪಾರ್ ಲೈಟಿಗೆ 50 ಸಾವಿರ. ಎಲ್‌ಇಡಿ ದೀಪದ ಮೂವಿಂಗ್ ಹೆಡ್ ಎರಡಕ್ಕೆ 60 ಸಾವಿರ. ಸಣ್ಣ ಕಂಟ್ರೋಲ್ ಬೋರ್ಡು 15, ಒಳ್ಳೆಯ ತಂತಿ 15, ಮುಂದಿನ ನಾಲ್ಕು ಲೈಟು ಮತ್ತು ಬೋರ್ಡನ್ನು ಹಿಡಿದಿಡಲು ಒಂದು ಯುಪಿಎಸ್‌ಗೆ 25, ಸ್ಪಂಜು ಹಾಕಿದ ಮರದ ಪೆಟ್ಟಿಗೆಗಳಿಗೆ 20. ಉಳಿದ 15 ಸಾವಿರದಲ್ಲಿ ಬಿಡಿಭಾಗ: ಫ್ಯಾನು, ಬೆಲ್ಟು, ಫ್ಯೂಸು, ಒಂದು ಹೆಚ್ಚುವರಿ ಪವರ್ ಸಪ್ಲೈ. ಗೊಬ್ಬರದಂಗಡಿಯ ಹುಡುಗ ಎರಡು ಭಾನುವಾರ ಚಾಚಾನ ಅಂಗಡಿಯಲ್ಲಿ ಕೂತು ಒಂದು ಮೂವಿಂಗ್ ಹೆಡ್ಡನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವುದು ಕಲಿತ. ಈ ಲೈಟುಗಳ ಜೊತೆ ದಾರಿಯಲ್ಲಿ ಇಳಿದುಹೋದ ಮೆಕ್ಯಾನಿಕ್ಕು ನಮಗೆ ಹೀಗೆ ವಾಪಸು ಸಿಕ್ಕ.

ಹೋದ ವಾರ ಮಾನ್ವಿಯಲ್ಲಿ ಮೊದಲ ಪ್ರದರ್ಶನ. ಮತ್ತೆ 'ರಕ್ತರಾತ್ರಿ'ಯೇ, ನರ್ಸಕ್ಕನೇ ಹಟ ಹಿಡಿದಳು. ಚಾಚಾನನ್ನು ರಾಯಚೂರಿನಿಂದ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು. ಒಂಬತ್ತೂಕಾಲಿಗೆ, ಹೇಳಿ ಕಳಿಸಿದ ಹಾಗೆ, ಕರೆಂಟು ಹೋಯಿತು. ಮೈಕು ನಿಂತಿತು. ಮುಂದಿನ ನಾಲ್ಕು ಲೈಟು ಉರಿಯುತ್ತಲೇ ಇದ್ದವು. ಜನರೇಟರ್ ಬಂದ ಮೇಲೆ ಹಿಂದಿನ ಎರಡು ಮೂವಿಂಗ್ ಹೆಡ್ಡುಗಳು ನಿದ್ದೆಯಿಂದ ಎದ್ದವರ ಹಾಗೆ ಎಡಕ್ಕೆ ಬಲಕ್ಕೆ ಹೊರಳಿ ತಮ್ಮ ಜಾಗಕ್ಕೆ ಬಂದವು. ದ್ರೌಪದಿ ಅಳುತ್ತಲೇ ಇದ್ದಳು, ಅವಳ ಮುಖ ಹಿಂದಿನ ಸಾಲಿನವರೆಗೂ ಕಾಣುತ್ತಿತ್ತು.

ಆಟ ಮುಗಿದ ಮೇಲೆ ಚಾಚಾ ವೇದಿಕೆಯ ಹಿಂದೆ ಬಂದರು. ಹೊಗಳುತ್ತಾರೆ ಅಂತ ನಾವೆಲ್ಲ ಕಾದೆವು. ಲೈಟಿನ ಕಡೆ ನೋಡಲಿಲ್ಲ, ಗೊಬ್ಬರದಂಗಡಿಯ ಹುಡುಗನ ಕಡೆ ತಿರುಗಿದರು.

"ಬೇಟಾ, ಮ್ಯಾಂಟಲ್ ಎಷ್ಟು ಅವ?"

ಅವನು ಬಿಡಿಭಾಗದ ಪೆಟ್ಟಿಗೆ ತೆರೆದು ಎಣಿಸಿ ತೋರಿಸಿದ.